ಬೀಳು – ‘ಬೀಳಿದ’ ಯಾಕಲ್ಲ? (ೞ ಮತ್ತು ಱ ಎಲ್ಲಿ ಹೋದವು)

ಪುಣೆಯ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವಿರೋದು ಪುಣೆಯಲ್ಲಿ. ಮಗಳಿಗೆ ಏಳು ವರ್ಷ. ಶಾಲೆಯಲ್ಲಿ ಮರಾಠಿ, ಇಂಗ್ಲಿಷು. ಕನ್ನಡ ಮನೆಯಲ್ಲಿ ಮಾತ್ರ. ಮೊನ್ನೆ ಸೈಕಲ್ಲಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. “ಅಮ್ಮಾ, ನಾನು ಬೀಳಿದೆ” ಅಂದಳು. ಗಾಯ ತೊಳೆಯುತ್ತಾ “ಬೀಳಿದೆ ಅಲ್ಲ ಪುಟ್ಟಿ, ಬಿದ್ದೆ” ಅಂದೆ. ಅಳು ಅಲ್ಲೇ ನಿಂತಿತು. “ಕೇಳು ಅಂದ್ರೆ ಕೇಳಿದೆ, ಹೇಳು ಅಂದ್ರೆ ಹೇಳಿದೆ, ಬೀಳು ಮಾತ್ರ ಯಾಕೆ ಬಿದ್ದೆ?” ಅಂತ ಕೇಳಿದಳು. “ಅದು ಹಾಗೇ” ಅಂತ ತಪ್ಪಿಸಿಕೊಂಡೆ.

ರಾತ್ರಿ ಕೂತು ಪಟ್ಟಿ ಮಾಡಿದರೆ ನನಗೇ ತಲೆ ಕೆಟ್ಟಿತು. ಬೀಳು–ಬಿದ್ದ, ಏಳು–ಎದ್ದ, ಅಳು–ಅತ್ತ, ಉಳು–ಉತ್ತ. ಇನ್ನೊಂದು ಕಡೆ ಕೇಳು–ಕೇಳಿದ, ಆಳು–ಆಳಿದ, ತಾಳು–ತಾಳಿದ. ಎಲ್ಲದರಲ್ಲೂ ಅದೇ ಳ. ಇದಕ್ಕೆ ಏನಾದರೂ ನಿಯಮ ಇದೆಯಾ, ಇಲ್ಲಾ ಸುಮ್ನೆ ಬಾಯಿಪಾಠ ಮಾಡಿಸಬೇಕಾ?

ತುಂಗಾತೀರ:
ಬಾಯಿಪಾಠವೇ ಅಕ್ಕ. ಎಲ್ಲಾ ಭಾಷೆಯಲ್ಲೂ ಇಂಥ ಹಟಮಾರಿ ಕ್ರಿಯಾಪದಗಳು ನಾಲ್ಕು ಇದ್ದೇ ಇರುತ್ತವೆ. ದಿನಾ ಬಳಸುವ ಮಾತುಗಳೇ ಹೀಗೆ ವಕ್ರವಾಗಿರೋದು.

ಹಳೇ ಮೇಷ್ಟ್ರು:
ಬಾಯಿಪಾಠ ಬೇಡ ತಾಯಿ. ಮೊದಲು ಪುಟ್ಟಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಕೇಳಿದ ಹುಡುಗ ಒಬ್ಬನೂ ಸಿಗಲಿಲ್ಲ.

“ಎಲ್ಲದರಲ್ಲೂ ಅದೇ ಳ” ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ಈಗ ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಸಾವಿರ ವರ್ಷದ ಹಿಂದೆ ಎರಡಿದ್ದವು. ಕೇಳು, ಆಳು, ತಾಳು ಇವುಗಳಲ್ಲಿದ್ದದ್ದು ಈಗಿನ ಳ. ಬೀಳು, ಏಳು, ಅಳು, ಉಳು ಇವುಗಳಲ್ಲಿದ್ದದ್ದು ೞ. ನಿಮ್ಮ ಫೋನಿನಲ್ಲಿ ಚೌಕದ ಡಬ್ಬಿ ಕಾಣದೆ ಅಕ್ಷರವೇ ಕಾಣುತ್ತಿದ್ದರೆ, ಅದೇ ಅದು. ವ್ಯಾಕರಣದವರು ಇದನ್ನು ‘ರಳ’ ಅಂತ ಕರೆದರು. ಹೆಸರು ಚೆನ್ನಾಗಿದೆ, ಯಾಕೆಂದರೆ ಆ ಸದ್ದು ಅರ್ಧ ರ, ಅರ್ಧ ಳ. ನಾಲಗೆಯ ತುದಿಯನ್ನು ಳ ಹೇಳುವ ಹಾಗೆ ಹಿಂದಕ್ಕೆ ಮಡಚಬೇಕು, ಆದರೆ ಬಾಯಿಯ ಅಂಗುಳಕ್ಕೆ ಮುಟ್ಟಿಸಬಾರದು. ತಮಿಳರು ‘ತಮಿೞ್’ ಅನ್ನುವಾಗ ಕೊನೆಗೆ ಬರುತ್ತಲ್ಲ, ಅದು.

ಈ ಸದ್ದು ಕನ್ನಡದಲ್ಲಿ ಸಾಯುವಾಗ ಎರಡು ದಾರಿ ಹಿಡಿಯಿತು. ಎರಡು ಸ್ವರಗಳ ನಡುವೆ ಇದ್ದ ಕಡೆ ಳ ಆಯಿತು. ಮೞೆ ಹೋಗಿ ಮಳೆ, ಬಾೞೆ ಹೋಗಿ ಬಾಳೆ, ಹೞೆಯ ಹೋಗಿ ಹಳೆಯ. ಮುಂದೆ ಇನ್ನೊಂದು ವ್ಯಂಜನ ಅಂಟಿಕೊಂಡಿದ್ದ ಕಡೆ ರ ಆಯಿತು. ಆಮೇಲೆ ಆ ರ ಕೂಡ ಪಕ್ಕದ ಅಕ್ಷರದೊಳಗೆ ಕರಗಿತು. ಈಗ ಬೀಳು ನೋಡಿ: ಬಿೞ್ದು, ಬಿರ್ದು, ಬಿದ್ದು. ಏಳು: ಎೞ್ದು, ಎರ್ದು, ಎದ್ದು. ಅಳು: ಅೞ್ತು, ಅತ್ತು. ಉಳು: ಉೞ್ತು, ಉತ್ತು. ರ ಕರಗುವುದು ನಮಗೆ ಹೊಸದೇನಲ್ಲ, ‘ಇರು’ವಿನ ಇರ್ದ ಇದ್ದ ಆಗಿದ್ದೂ ಹೀಗೇ. ಕೇಳ್ ಎಂಬಲ್ಲಿ ಇದ್ದದ್ದು ನಿಜವಾದ ಳ, ಅದು ರ ಆಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಕೇಳ್ದ, ಕೇಳಿದ.

ಅಂದರೆ ನಿಮ್ಮ ಮಗಳು ಮೊಣಕಾಲು ತರಚಿಕೊಂಡು ‘ಬಿದ್ದೆ’ ಅನ್ನಬೇಕಾದ ಕಡೆ, ಸಾವಿರ ವರ್ಷದ ಹಿಂದಿನ ಒಂದು ಅಕ್ಷರ ಅಡಗಿ ಕೂತಿದೆ.

ಪುಣೆಯ ಅಮ್ಮ:
ಮೇಷ್ಟ್ರೇ, ಓದಿ ಮೈ ಜುಮ್ಮೆಂದಿತು. ಕ್ರಿಯಾಪದಗಳಲ್ಲಿ ಮಾತ್ರವಾ, ಬೇರೆ ಕಡೆಯೂ ಇದೆಯಾ?

ಹಳೇ ಮೇಷ್ಟ್ರು:
ಬೇಕಾದಷ್ಟಿದೆ. ಏಳು ಅಂಕಿಗೂ ಎಪ್ಪತ್ತಕ್ಕೂ ಏನು ಸಂಬಂಧ ಅಂತ ಯೋಚಿಸಿ. ಏಳರ ಳ ಎಲ್ಲಿ ಹೋಯಿತು? ಏೞು, ಎೞ್ಪತ್ತು, ಎರ್ಪತ್ತು, ಎಪ್ಪತ್ತು. ಗದ್ದೆ ಮೊದಲು ಗೞ್ದೆ, ಆಮೇಲೆ ಗರ್ದೆ. ಕತ್ತೆ ಮೊದಲು ಕೞ್ತೆ, ತಮಿಳಿನಲ್ಲಿ ಇವತ್ತಿಗೂ ಕೞುದೈ. ‘ಊಟದ ಹೊತ್ತು’ ಅನ್ನುವ ಹೊತ್ತು ಪೊೞ್ತು ಆಗಿತ್ತು, ತಮಿಳಿನ ಪೊೞುದು.

ಬೆಳವಲ:
ಸರ, ಒಂದು ತಕರಾರು. ಹಳಗನ್ನಡದಾಗ ‘ಹೇಳು’ ಅನ್ನೋದು ಪೇೞ್. ಪಂಪನಲ್ಲಿ ಪೇೞ್ ಅಂತಲೇ ಇದೆ, ರಳದಿಂದ. ಬಾಳು ಕೂಡ ಬಾೞ್. ನಿಮ್ಮ ನಿಯಮದ ಪ್ರಕಾರ ಅವು ‘ಹೆದ್ದ’, ‘ಬಾದ್ದ’ ಆಗಬೇಕಿತ್ತಲ್ಲ? ಹೇಳಿದ, ಬಾಳಿದ ಅಂತ ಯಾಕಾದವು? ಆ ಹುಡುಗಿ ಹೇಳಿದ ಪಟ್ಟಿಯೊಳಗೇ ‘ಹೇಳು’ ಇದೆ, ನೀವು ಜಾಣತನದಿಂದ ಅದನ್ನು ಬಿಟ್ಟು ಕೇಳು, ಆಳು, ತಾಳು ಮಾತ್ರ ತಗೊಂಡೀರಿ.

ಹಳೇ ಮೇಷ್ಟ್ರು:
ಸಿಕ್ಕಿಬಿದ್ದೆ. ಬೇಕಂತಲೇ ಬಿಟ್ಟಿದ್ದೆ, ಮೊದಲ ಪಾಠದಲ್ಲೇ ಅಪವಾದ ಹೇಳಬಾರದು ಅಂತ ಹಳೇ ಚಟ.

ನೀವು ಹೇಳಿದ್ದು ಸರಿ. ಹಳಗನ್ನಡದಲ್ಲಿ ಪೇೞ್ದಂ, ಬಾೞ್ದಂ ಅಂತಲೇ ಇವೆ. ಆದರೆ ಮುಂದೆ ಇವಕ್ಕೆ ನಡುವೆ ಒಂದು ಇ ಸೇರಿ ಹೇಳಿದ, ಬಾಳಿದ ಆದವು. ಮಾಡು–ಮಾಡಿದ, ಓಡು–ಓಡಿದ ಇದ್ದ ಹಾಗೆ ಇವನ್ನೂ ಜನ ಸಾಲಿಗೆ ಸೇರಿಸಿಕೊಂಡರು. ಇ ಬಂದ ಮೇಲೆ ರಳ ಎರಡು ಸ್ವರಗಳ ನಡುವೆ ಬಿತ್ತು, ಸೀದಾ ಳ ಆಯಿತು. ಹೂಳು ಎಂಬುದಕ್ಕೆ ಎರಡೂ ಉಳಿದಿವೆ ನೋಡಿ: ಹೂತ ಅಂತಲೂ ಅನ್ನುತ್ತೇವೆ, ಹೂಳಿದ ಅಂತಲೂ ಅನ್ನುತ್ತೇವೆ.

ಪುಟ್ಟಿ ‘ಬೀಳಿದೆ’ ಅಂದದ್ದೂ ಇದೇ ಕೆಲಸ. ನನಗನ್ನಿಸೋದು, ಹೇಳಿದ, ಬಾಳಿದ ಇವು ಎಂದೋ ಮಕ್ಕಳು ಗೆದ್ದ ಜಾಗಗಳು. ಬೀಳು, ಏಳುಗಳಲ್ಲಿ ಅಜ್ಜಿಯಂದಿರು ಪಟ್ಟು ಬಿಡಲಿಲ್ಲ.

ಕುಡ್ಲದವ:
ಮಾರಾಯ್ರೆ, ನಮ್ಮ ತುಳುವನ್ನು ಬಿಟ್ಟು ರಳದ ಮಾತಾಡಿದರೆ ಹೇಗೆ. ನಮ್ಮಲ್ಲಿ ಅದು ಎಷ್ಟೋ ಕಡೆ ರ ಆಗಿದೆ. ಸ್ವರದ ನಡುವೆಯೂ ರ. ಬಾಳೆ ನಮಗೆ ಬಾರೆ. ಹುಳು ನಮಗೆ ಪುರಿ. ಕೋಳಿ ನಮಗೆ ಕೋರಿ. ಘಟ್ಟದ ಮೇಲಿನವರು ಬಂದು ‘ಕೋರಿ ರೊಟ್ಟಿ’ ತಿನ್ನುವಾಗ ಅದು ತಮ್ಮದೇ ಕೋಳಿ ಅಂತ ಗೊತ್ತಿರುವುದಿಲ್ಲ, ‘ಕೋರಿ ಅಂದ್ರೆ ಏನು, ಯಾವ ಮಸಾಲೆ’ ಅಂತ ಕೇಳುತ್ತಾರೆ.

ಕೋಲಾರದ ಹೈದ:
ನಮ್ಮ ಮನೇಲಿ ತೆಲುಗು. ಕೋಳಿಗೆ ಕೋಡಿ. ಏಳಕ್ಕೆ ಏಡು. ಕತ್ತೆಗೆ ಗಾಡಿದ. ನಮ್ಮಲ್ಲಿ ಆ ಅಕ್ಷರ ಡ ಆಗಿರೋ ಹಾಗಿದೆಯಲ್ಲ ಮೇಷ್ಟ್ರೇ? ಒಂದೇ ಕೋಳಿ, ಕೋೞಿ ಕೋಳಿ ಕೋಡಿ ಕೋರಿ. ಗಡಿ ದಾಟಿದ ಹಾಗೆಲ್ಲಾ ಪಾಸ್‌ಪೋರ್ಟ್ ಬದಲಾಯಿಸಿದೆ.

ಹಳೇ ಮೇಷ್ಟ್ರು:
ಹೌದು, ತೆಲುಗಿನಲ್ಲಿ ಡ. ಹಳೆಯ ಸದ್ದನ್ನು ಈಗಲೂ ಚೆನ್ನಾಗಿ ಉಳಿಸಿಕೊಂಡಿರುವುದು ತಮಿಳು ಮತ್ತು ಮಲಯಾಳ.

ಗಡಿನಾಡಿಗ:
ಕಾಸರಗೋಡಿನಿಂದ ಹಾಜರು. ನಮಗೆ ಕನ್ನಡ, ಮಲಯಾಳ ಎರಡೂ ಕಿವಿಗೆ ಬೀಳುತ್ತೆ, ಹಾಗಾಗಿ ಇದು ಚಿಕ್ಕಂದಿನಿಂದ ಗೊತ್ತಿರೋ ಆಟ. ಮನೆಯಲ್ಲಿ ಮಳೆ, ಪೇಟೆಯಲ್ಲಿ ಮೞ. ಮನೆಯಲ್ಲಿ ಹೊಳೆ, ಪೇಟೆಯಲ್ಲಿ ಪುೞ. ಆಲಪ್ಪುೞ ಊರಿನ ಹೆಸರಿನ ಬಾಲದಲ್ಲಿರೋದು ಅದೇ ಪುೞ. ಮನೆಯಲ್ಲಿ ಬಾಳೆ, ಪೇಟೆಯಲ್ಲಿ ವಾೞ.

ಇಲ್ಲಿ ಒಂದು ಕೋಪ ಕಾರಿಕೊಳ್ಳಲೇಬೇಕು. ಇಂಗ್ಲಿಷಿನಲ್ಲಿ ಈ ಅಕ್ಷರವನ್ನು ಬರೆಯಲು ಝೆಡ್ ಮತ್ತು ಎಚ್ ಸೇರಿಸುವ ರೂಢಿ ಬಂತು. ಅದನ್ನು ನೋಡಿ ಕನ್ನಡದ ಟೀವಿ, ಪತ್ರಿಕೆಯವರು ‘ಕೋಝಿಕೋಡ್’ ಅಂತ ಬರೆಯುತ್ತಾರೆ. ‘ಕನಿಮೋಝಿ’ ಅಂತ ಬರೆಯುತ್ತಾರೆ. ಆ ಊರಿನಲ್ಲಾಗಲಿ ಆ ಹೆಸರಿನಲ್ಲಾಗಲಿ ಝ ಎಂಬ ಸದ್ದು ಹುಡುಕಿದರೂ ಇಲ್ಲ. ಪಕ್ಕದ ಮನೆಯವರ ಹೆಸರನ್ನು ಲಂಡನ್ನಿನ ದಾರಿಯಲ್ಲಿ ಹೋಗಿ ತರಿಸಿಕೊಂಡ ಹಾಗೆ. ಕೋಳಿಕ್ಕೋಡ್, ಕನಿಮೊಳಿ ಅಂತ ಬರೆದರೆ ಸಾಕು, ನಮ್ಮ ಬಾಯಿಗೂ ಸರಿ, ಅವರ ಕಿವಿಗೂ ಹತ್ತಿರ.

ತುಂಗಾತೀರ:
ಮೇಲೆ ‘ಬಾಯಿಪಾಠವೇ ಅಕ್ಕ’ ಅಂದದ್ದನ್ನು ವಾಪಸ್ ತಗೊಂಡೆ. ತಪ್ಪಾಯ್ತು.

ಪ್ರಾಯಶ್ಚಿತ್ತಕ್ಕೆ ಒಂದು ಪ್ರಯೋಗ ಮಾಡಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆಯವರು ಮದುರೈ ಕಡೆಯವರು. ಳ ಇರೋ ಇಪ್ಪತ್ತು ಕನ್ನಡ ಪದ ಬರೆದುಕೊಂಡು ಕಾಫಿ ಹೊತ್ತಿಗೆ ಹೋಗಿ ಮಾಮಿಯನ್ನು “ಇದಕ್ಕೆ ನಿಮ್ಮಲ್ಲಿ ಏನು” ಅಂತ ಒಂದೊಂದಾಗಿ ಕೇಳಿದೆ. ಮೊದಲ ಪ್ರಯತ್ನ ಪೂರ್ತಿ ಫೇಲು! ಬಾಳೆಹಣ್ಣಿಗೆ ‘ವಾಳಪ್ಪಳಂ’ ಅಂದರು, ಮಳೆಗೆ ‘ಮಳೈ’ ಅಂದರು, ಎಲ್ಲಾ ಳ. ನಿಮ್ಮ ರಳ ಎಲ್ಲಿ ಹೋಯ್ತು ಅಂತ ನಾನು ಪೆಚ್ಚಾಗಿ ಕೂತೆ. ಅಷ್ಟರಲ್ಲಿ ಅವರ ಮಗ ರೂಮಿನಿಂದ ಬಂದು “ಅಮ್ಮಾ, ವಾೞೈಪ್ಪೞಂ” ಅಂತ ತಿದ್ದಿದ. ಮಾಮಿ ಸಿಟ್ಟಾಗಿ “ನಮ್ಮ ಕಡೆ ಹೀಗೇ ಹೇಳೋದು, ಬರೆಯುವಾಗ ಸರಿಯಾಗಿ ಬರೀತೀವಿ” ಅಂದರು. ಸರಿ, ಪೆನ್ನು ಕೊಟ್ಟೆ. ಬರೆಸಿದಾಗ ಎರಡೂ ಬೇರೆಯಾದವು.

ರಳ ಬಂದದ್ದು: ಬಾಳೆ, ಮಳೆ, ಕೋಳಿ, ಹುಳು, ಏಳು, ಕೊಳಲು (ಕುೞಲ್), ಮೊಳ (ಮುೞಂ), ಕೂಳು, ಹಾಳು. ಸಾದಾ ಳ ಬಂದದ್ದು: ಬಳೆ, ನಾಳೆ, ತೋಳು, ಬೆಳ್ಳಿ, ಮುಳ್ಳು, ಒಳಗೆ, ಅಡಿಕೆ ಮರದ ಹಾಳೆ.

ಮಜಾ ಏನೆಂದರೆ ಕೆಲವು ಜೋಡಿಗಳು. ‘ಬಾವಿಯ ಆಳ’ಕ್ಕೆ ರಳ, ‘ಕೂಲಿ ಆಳು’ಗೆ ಸಾದಾ. ‘ಕಾಲ ಕಳೆ’ಗೆ ರಳ, ‘ಗದ್ದೆಯ ಕಳೆ’ಗೆ ಸಾದಾ. ಮೊಳಕ್ಕೆ ರಳ, ಮೊಳಕೆಗೆ ಸಾದಾ. ನಮಗೆ ಒಂದೇ ಥರ ಕೇಳುವ ಮಾತುಗಳು ಹುಟ್ಟಿನಿಂದ ಬೇರೆ. ಕಾಫಿ ಎರಡು ಸಲ ಆಯಿತು, ಮಾಮಿಗೂ ಈಗ ಇದರ ಹುಚ್ಚು ಹತ್ತಿದೆ.

ಹಳೇ ಮೇಷ್ಟ್ರು:
ಭಲೇ. ಇದಕ್ಕಿಂತ ಒಳ್ಳೆ ಪಾಠ ಇಲ್ಲ. ನಿಮ್ಮ ಪಟ್ಟಿಯಲ್ಲೇ ಇನ್ನೊಂದು ಸುಳಿವು ಇದೆ, ಗಮನಿಸಿದಿರಾ? ಬೆಳ್ಳಿ, ಮುಳ್ಳು. ರಳಕ್ಕೆ ಒತ್ತು ಬೀಳುವುದಿಲ್ಲ, ಅದು ಜೋಡಿಯಾಗುವ ಅಕ್ಷರವೇ ಅಲ್ಲ. ಹಳ್ಳಿ, ಕಳ್ಳ, ಎಳ್ಳು, ಬಳ್ಳಿ ಹೀಗೆ ಳ್ಳ ಕಂಡರೆ ಮಾಮಿಯ ಮನೆಗೆ ಹೋಗಬೇಕಾಗಿಲ್ಲ, ಅದು ಸಾದಾ ಳ.

ಸಿಡುಕಪ್ಪ:
ಎಲ್ಲಾ ಚೆನ್ನಾಗಿದೆ, ಆದರೆ ಒಂದು ಮಾತು. ಸತ್ತ ಅಕ್ಷರ, ಸತ್ತಿದೆ. ಯಾವಾಗ ಸತ್ತಿತು ಅಂತ ಯಾರಾದರೂ ಸಾಕ್ಷಿ ಸಮೇತ ಹೇಳಿದರೆ ಕೇಳಬಹುದು. ಸುಮ್ನೆ “ಸಾವಿರ ವರ್ಷ, ಸಾವಿರ ವರ್ಷ” ಅಂದರೆ ಅದು ವಾಟ್ಸಾಪ್ ಚರಿತ್ರೆ.

ಹಳೇ ಮೇಷ್ಟ್ರು:
ಕೇಳಿದ್ದು ಒಳ್ಳೇದಾಯ್ತು ಸಾರ್.

ಹಲ್ಮಿಡಿ ಶಾಸನದಿಂದ ಶುರು ಮಾಡೋಣ, ಸುಮಾರು 450ರದ್ದು. ಹಾಸನ ಜಿಲ್ಲೆ ಬೇಲೂರು ತಾಲೂಕಿನದು, ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಪ್ರತಿಕೃತಿ ಇಟ್ಟಿದ್ದಾರೆ. ಅದರ ಲಿಪಿ ಈಗಿನ ನಮ್ಮ ಅಕ್ಷರದ ಹಾಗೆ ಕಾಣುವುದಿಲ್ಲ, ಆದರೆ ಓದಿದರೆ ಅಲ್ಲಿ “ಅದಾನ್ ಅೞಿವೊನ್ಗೆ ಮಹಾಪಾತಕಮ್” ಅಂತ ಬರುತ್ತೆ. ಈ ದಾನವನ್ನು ಅಳಿದವನಿಗೆ, ಅಂದರೆ ಹಾಳು ಮಾಡಿದವನಿಗೆ, ಮಹಾಪಾಪ. ಅೞಿ ಅನ್ನುವಲ್ಲೇ ರಳ ಇದೆ. ಕೊನೆಗೆ ಅಳಿದುಹೋದದ್ದು ಅದೇ ಅಕ್ಷರ, ಪಾಪ ಯಾರಿಗೆ ತಟ್ಟಿತೋ.

10ನೇ ಶತಮಾನದ ಪಂಪನ ಕಾವ್ಯದಲ್ಲಿ ಇದು ಇನ್ನೂ ಗಟ್ಟಿಯಾಗಿದೆ. ಆಮೇಲೆ ಶಾಸನಗಳಲ್ಲಿ ಗಲಿಬಿಲಿ ಕಾಣುತ್ತೆ. ೞ ಬರಬೇಕಾದ ಕಡೆ ಳ ಬರೆದಿದ್ದಾರೆ. ಅದಕ್ಕಿಂತ ಮಜಾ, ಳ ಬರಬೇಕಾದ ಕಡೆ ೞ ಬರೆದಿದ್ದಾರೆ. ಬಾಯಲ್ಲಿ ವ್ಯತ್ಯಾಸ ಹೋಗಿದೆ, ಆದರೆ ‘ಸರಿಯಾಗಿ ಬರೆಯಬೇಕು’ ಅನ್ನುವ ಭಯ ಉಳಿದಿದೆ. ಈಗಿನವರು ಹೆದರಿ ಹೆದರಿ ‘ಅಭಿಮಾನ’ ಬರೆಯುವ ಜೋಶಿನಲ್ಲಿ ‘ಭಾಳೆಹಣ್ಣು’ ಅಂತಲೂ ಬರೆಯುತ್ತಾರಲ್ಲ, ಹಾಗೆ.

ಇನ್ನು ಕೇಶಿರಾಜ. ಸುಮಾರು 1260ರ ಹೊತ್ತಿಗೆ ಶಬ್ದಮಣಿದರ್ಪಣ ಎಂಬ ಕನ್ನಡ ವ್ಯಾಕರಣ ಬರೆದ. ಅವನು ಮೂರು ಬಗೆಯ ಳ ಹೇಳುತ್ತಾನೆ: ರಳ, ಕುಳ, ಕ್ಷಳ. ಕುಳ ಅಂದರೆ ಕನ್ನಡದ ಸಾದಾ ಳ, ಕ್ಷಳ ಅಂದರೆ ಸಂಸ್ಕೃತದ ಮಾತುಗಳಿಂದ ಬಂದದ್ದು. ಅಷ್ಟಕ್ಕೆ ಬಿಡದೆ, ಯಾವ ಯಾವ ಪದಕ್ಕೆ ರಳ ಅಂತ ಪಟ್ಟಿಯನ್ನೇ ಕೊಡುತ್ತಾನೆ. ಯಾಕೆ ಪಟ್ಟಿ ಬೇಕಾಯಿತು ಯೋಚಿಸಿ. ಗೋಡೆ ಮೇಲೆ ‘ಇಲ್ಲಿ ಮೂತ್ರ ಮಾಡಬೇಡಿ’ ಅಂತ ಬರೆದಿದ್ದರೆ ಅಲ್ಲಿ ಏನು ನಡೀತಿದೆ ಅಂತ ಗೊತ್ತಾಗುತ್ತೆ ಅಲ್ವಾ. ಜನ ಬಾಯಲ್ಲಿ ಬೇರೆ ಮಾಡುತ್ತಿದ್ದರೆ ಪಟ್ಟಿ ಬೇಕಾಗಿರಲಿಲ್ಲ. ಕವಿಗಳಿಗೆ ಮಾತ್ರ ಇದು ಬೇಕಿತ್ತು, ಯಾಕೆಂದರೆ ಸಾಲಿನ ಎರಡನೇ ಅಕ್ಷರದ ಪ್ರಾಸ ಕೂಡಬೇಕು. ಅಲ್ಲಿ ರಳದ ಎದುರು ಕುಳ ಇಟ್ಟರೆ ಬಲ್ಲವರು ಹುಬ್ಬು ಗಂಟು ಹಾಕುತ್ತಿದ್ದರು.

ಸಿಡುಕಪ್ಪ:
ಸರಿ, ಒಪ್ಪಿದೆ. ಮೂತ್ರದ ಸಾಕ್ಷಿ ಬಲವಾಗಿದೆ.

ಪುಣೆಯ ಅಮ್ಮ:
ಮೇಷ್ಟ್ರೇ, ಕ್ಷಮಿಸಿ, ಇನ್ನೊಂದು. ಮಗಳಿಗೆ ರಳದ ಕಥೆ ಹೇಳಿದೆ. ಸುಮ್ಮನಿರ್ತಾಳೆ ಅಂದುಕೊಂಡೆ. ಇಲ್ಲ. “ಹಾಗಾದ್ರೆ ರ ಕೂಡ ಎರಡು ಇರಬೇಕು” ಅಂದಳು. ಯಾಕೆ ಅಂದರೆ “ಬರು ಬಂದ, ತರು ತಂದ, ಆದರೆ ಹೊರು ಹೊತ್ತ, ಹೆರು ಹೆತ್ತ” ಅಂದಳು. (ಹೆರು ಎಲ್ಲಿ ಕಲಿತಳೋ. ಅಜ್ಜಿ ಹತ್ತಿರ ಇರಬೇಕು.)

ಹಳೇ ಮೇಷ್ಟ್ರು:
ತಾಯಿ, ಈ ಮಗುವನ್ನು ಜೋಪಾನ ಮಾಡಿ. ಇದನ್ನು ಯಾರೂ ಹೇಳಿಕೊಡದೆ ಕಂಡುಹಿಡಿಯುವುದು ಅಂದರೆ ಸಣ್ಣ ಮಾತಲ್ಲ.

ಹೌದು, ರ ಎರಡಿದ್ದವು. ಎರಡನೆಯದು ಱ. ಇದಕ್ಕೆ ‘ಶಕಟರೇಫ’ ಅಂತ ಹೆಸರು, ಬಂಡಿ ರ. ತೆಲುಗಿನವರೂ ತಮ್ಮದನ್ನು ಬಂಡಿ ರ ಅಂತಲೇ ಕರೆಯುತ್ತಾರೆ. ಸಾದಾ ರ ಮೆತ್ತಗೆ, ಇದು ಗಡುಸು, ನಾಲಗೆ ಅದುರಬೇಕು. ೞಗಿಂತ ಜಾಸ್ತಿ ದಿನ ಬರಹದಲ್ಲಿ ಉಳಿದುಕೊಂಡಿತು, ಆಮೇಲೆ ಅದೂ ಸಾದಾ ರದಲ್ಲಿ ಸೇರಿಹೋಯಿತು.

ಪುಟ್ಟಿಯ ಪಟ್ಟಿ ನೋಡಿ. ಬರು, ತರು ಇವುಗಳಲ್ಲಿ ಸಾದಾ ರ. ಹೊಱು, ಹೆಱು, ತೆಱು ಇವುಗಳಲ್ಲಿ ಬಂಡಿ ರ: ಹೊತ್ತ, ಹೆತ್ತ, ತೆತ್ತ. ತೆರಿಗೆ ತೆತ್ತೆ ಅಂತೀವಲ್ಲ, ಆ ತೆರಿಗೆಯೂ ತೆಱುವಿನಿಂದಲೇ. ತಮಿಳಿನಲ್ಲಿ ಪೆಱು ಎಂಬುದಕ್ಕೆ ಪೆಱ್ಱ ಅಂತ ಇದೆ, ಆ ಱ್ಱ ಇದ್ದ ಕಡೆ ನಮ್ಮಲ್ಲಿ ತ್ತ. ಎಲ್ಲಾ ಬಂಡಿ ರ ಹೀಗೆ ಮಾಡಲಿಲ್ಲ, ಏಱು–ಏರಿದ, ಮಾಱು–ಮಾರಿದ ಇವು ಇ ದಾರಿ ಹಿಡಿದವು.

ಕುಡ್ಲದವ:
ಹಾಗಾದರೆ ಜೋಡಿಗಳು ಇಲ್ಲೂ ಇರಬೇಕಲ್ಲ?

ಗಡಿನಾಡಿಗ:
ಇವೆ. ಮರದ ಬೇರು ಸಾದಾ ರ, ‘ಬೇರೆ ಮಾತು’ ಬಂಡಿ ರ, ಬೇಱೆ. ಸಮುದ್ರದ ತೆರೆ ಸಾದಾ, ‘ಬಾಗಿಲು ತೆರೆ’ ಬಂಡಿ. ಮರ ಸಾದಾ, ಕುರಿಮರಿಯ ಮರಿ ಬಂಡಿ. ಊರು ನೀರು ಸಾದಾ, ಆರು ನೂರು ಬಂಡಿ. ಮಲಯಾಳದಲ್ಲಿ ಎರಡೂ ಇನ್ನೂ ಬೇರೆಯಾಗಿ ಕೇಳಿಸುತ್ತೆ, ಹಾಗಾಗಿ ನಮಗೆ 600 ಎಣಿಸುವಾಗ ನಾಲಗೆ ಎರಡು ಸಲ ಅದುರುತ್ತೆ.

ಬೆಳವಲ:
ಹಲ್ಮಿಡಿ ಕಲ್ಲಿನೊಳಗೆ ಬಂಡಿ ರವೂ ಇದೆ. ‘ಕುಱುಮ್ಬಿಡಿ’ ಅಂತ ಬರ್ತದ.

ಮತ್ತೆ ಒಂದು ತಮಾಷಿ ನೆನಪಾತು. ‘ಹೊತ್ತು’ ಅಂದರೆ ಕಾಲ, ಅದು ರಳದಿಂದ ಬಂತು. ‘ಹೊತ್ತು’ ಅಂದರೆ ತಲೆ ಮೇಲೆ ಇಟ್ಕೊಂಡು, ಅದು ಬಂಡಿ ರದಿಂದ ಬಂತು. ‘ಹೊತ್ತು’ ಅಂದರೆ ಉರಿ ಹಿಡಿಯೋದು, ಅದು ಮೂರನೇದೇ ಬ್ಯಾರೆ ಮಾತು. ನಮ್ಮವ್ವ “ಹೊತ್ತು ಮುಳುಗೋ ಹೊತ್ತಿಗೆ ಮೇವು ಹೊತ್ತು ಬಂದೆ, ಒಲಿ ಹೊತ್ತಿರಲಿಲ್ಲ” ಅಂದರೆ ಮೂರೂ ಒಂದೇ ಉಸಿರಿನೊಳಗೆ ಬಂದುಬಿಡತಾವು. ಆದರೂ ಕೇಳೋರಿಗೆ ಎಂದೂ ಗೊಂದಲ ಆಗಿಲ್ಲ.

ಕೋಡಿಂಗ್ ಕೂಲಿ:
ತಡವಾಗಿ ಬಂದೆ. ಈ ಅಕ್ಷರದ ಇನ್ನೊಂದು ದುರಂತ ಯಾರೂ ಹೇಳಿಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಒಂದು ಸಂಖ್ಯೆ, ಒಂದು ಅಧಿಕೃತ ಹೆಸರು ಕೊಡುತ್ತೆ. ನಮ್ಮ ೞಗೆ ಕೊಟ್ಟ ಹೆಸರು ಏನು ಗೊತ್ತಾ? ‘ಕನ್ನಡ ಲೆಟರ್ ಫ’. ಎಫ್ ಎ, ಫ! ಫ್ಯಾನು, ಫೋನಿನ ಫ. ರಳಕ್ಕೂ ಫಗೂ ಯಾವ ಜನ್ಮದ ಸಂಬಂಧ? ತಪ್ಪು ಅಂತ ಅವರಿಗೂ ಗೊತ್ತಾಯಿತು. ಆದರೆ ಯೂನಿಕೋಡಿನ ನಿಯಮದಲ್ಲಿ ಒಮ್ಮೆ ಇಟ್ಟ ಹೆಸರು ಬದಲಾಯಿಸುವ ಹಾಗಿಲ್ಲ, ಹಳೆ ಸಾಫ್ಟ್‌ವೇರ್ ಕೆಡಬಾರದು ಅಂತ. ಹಾಗಾಗಿ ಪಕ್ಕದಲ್ಲಿ ಒಂದು ತಿದ್ದಿದ ಅಡ್ಡಹೆಸರು ಸೇರಿಸಿದ್ದಾರೆ. ಮೂಲ ಹೆಸರು ‘ಫ’ ಹಾಗೇ ಇದೆ.

ನಿಜವಾದ ಫ್ಯಾನಿನ ಸದ್ದಿಗೆ ನಾವು ಫ ಕೆಳಗೆ ಚುಕ್ಕಿ ಹಾಕುತ್ತೇವೆ, ಅಥವಾ ಏನೂ ಹಾಕದೆ ಕೈ ಬಿಡುತ್ತೇವೆ. ಬಂಡಿ ರ ಪುಣ್ಯ ಮಾಡಿತ್ತು, ಅದಕ್ಕೆ ಹೆಸರಿನ ಗಲಾಟೆ ಇಲ್ಲ.

ಸಿಡುಕಪ್ಪ:
ಸತ್ತ ಮೇಲೂ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪು. ಪಾಪ.

ತುಂಗಾತೀರ:
ಸಂಖ್ಯೆ ಇದೆ, ಫಾಂಟ್ ಇದೆ. ಹಾಗಿದ್ದರೆ ಇವನ್ನು ಮತ್ತೆ ತರಬಾರದಾ? ಮಕ್ಕಳಿಗೆ ವರ್ಣಮಾಲೆಯಲ್ಲಿ ಎರಡು ಅಕ್ಷರ ಜಾಸ್ತಿ ಆದರೆ ಏನು ಮಹಾ. ಗಡಿನಾಡಿಗರು ಹೇಳಿದ ಕೋಝಿಕೋಡ್ ಸಮಸ್ಯೆಯೂ ಹೋಗುತ್ತೆ, ಕೋೞಿಕ್ಕೋಡ್ ಅಂತ ಬರೆಯಬಹುದು.

ಸಿಡುಕಪ್ಪ:
ಬೇಡ. ಈಗಿರೋ ಶ, ಷ, ಸ ಮೂರರಲ್ಲೇ ನಮ್ಮ ಹುಡುಗರು ಮುಳುಗಿ ಏಳ್ತಾ ಇದ್ದಾರೆ. ಬಾಯಲ್ಲಿ ಇಲ್ಲದ ಸದ್ದಿಗೆ ಅಕ್ಷರ ಕಲಿಸೋದು ಅಂದರೆ ಇಲ್ಲದ ಎಮ್ಮೆಗೆ ಹಗ್ಗ ಹೊಸೆದ ಹಾಗೆ. ಬಾಳೆಗೆ ಯಾವುದು, ಬಳೆಗೆ ಯಾವುದು ಅಂತ ನೆನಪಿಟ್ಟುಕೊಳ್ಳೋಕೆ ಮತ್ತೆ ಕೇಶಿರಾಜನ ಪಟ್ಟಿ ಬಾಯಿಪಾಠ. ಯಾರಿಗೆ ಬೇಕು?

ಬೆಳವಲ:
ನಿಮ್ಮ ಮಾತು ಹಿಡಿದು ಮುಂದೆ ಹೋದರೆ ಮಹಾಪ್ರಾಣವನ್ನೂ ಬಿಡಬೇಕಾಗತದ. ಡಿ.ಎನ್. ಶಂಕರ ಭಟ್ಟರ ಹೊಸಬರಹದ ವಾದವೂ ಅದೇ ಅಲ್ಲೇನು, ಕನ್ನಡಿಗರ ಬಾಯಲ್ಲಿ ಇಲ್ಲದ್ದು ಬರಹದಲ್ಲಿ ಯಾಕೆ ಅಂತ. ರಳ ಬಿಟ್ಟವರು ಧ, ಭ ಯಾಕೆ ಹಿಡಿದುಕೊಂಡು ಕೂತೀವಿ?

ಸಿಡುಕಪ್ಪ:
ಆ ಜೇನುಗೂಡಿಗೆ ಕಲ್ಲು ಹೊಡೀಬೇಡಿ ಸ್ವಾಮಿ. ನಾಳೆ ಬೆಳಗಾಗುವಷ್ಟರಲ್ಲಿ ಇನ್ನೂರು ಪ್ರತಿಕ್ರಿಯೆ ಬರುತ್ತೆ, ಒಂದರಲ್ಲೂ ರಳ ಇರಲ್ಲ.

ಗಡಿನಾಡಿಗ:
ಊರಿನ ಹೆಸರಿಗಾಗಿ ರಳ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ನನ್ನ ತಕರಾರು ಇದ್ದದ್ದು ಝ ಬಗ್ಗೆ ಮಾತ್ರ. ತಮಿಳು, ಚೋಳ ಅಂತ ನಾವು ಎಷ್ಟೋ ಕಾಲದಿಂದ ಬರೆಯುತ್ತಾ ಬಂದಿದ್ದೇವೆ, ಯಾರಾದರೂ ‘ಚೋಝ’ ಅಂತಾರಾ?

ಹಳೇ ಮೇಷ್ಟ್ರು:
ನಾನೂ ವಾಪಸ್ ತರಬೇಕು ಅನ್ನುವ ಪಕ್ಷದವನಲ್ಲ. ದಿನದ ಬರಹಕ್ಕೆ ಬೇಡ. ಆದರೆ ನನಗಿರುವ ಕೊರಗು ಬೇರೆ. ಹಳಗನ್ನಡದ ಪದ್ಯವನ್ನು ಶಾಲೆಯ ಪುಸ್ತಕದಲ್ಲಿ ಅಚ್ಚು ಮಾಡುವಾಗಲೂ ಎಷ್ಟೋ ಸಲ ೞ, ಱ ತೆಗೆದು ಳ, ರ ಹಾಕಿಬಿಡುತ್ತಾರೆ, ಮಕ್ಕಳಿಗೆ ಕಷ್ಟ ಅಂತ. ಹಾಗೆ ಮಾಡಿದರೆ ಪ್ರಾಸವೂ ಕಾಣುವುದಿಲ್ಲ, ಅರ್ಥವೂ ಜಾರುತ್ತೆ. ಒಂದು ಸಲ ನನ್ನ ತರಗತಿಯಲ್ಲಿ ‘ಬಾಳ್’ ಅಂತ ಬಂದಿತ್ತು. ಹುಡುಗರೆಲ್ಲ ಬದುಕು ಅಂತ ಅರ್ಥ ಬರೆದರು. ಅಲ್ಲಿದ್ದದ್ದು ಕತ್ತಿ. ಬದುಕು ಬಾೞ್, ಕತ್ತಿ ಬಾಳ್. ಅಕ್ಷರ ಇದ್ದಿದ್ದರೆ ಒಬ್ಬನೂ ಎಡವುತ್ತಿರಲಿಲ್ಲ. ನಾನು ಬೋರ್ಡಿನ ಮೇಲೆ ಎರಡನ್ನೂ ಬರೆದು ತೋರಿಸಿದೆ, ಹಿಂದಿನ ಬೆಂಚಿನವನೊಬ್ಬ “ಸಾರ್ ಇದು ಪರೀಕ್ಷೆಗೆ ಬರುತ್ತಾ” ಅಂದ. ಬರಲ್ಲ ಅಂದೆ. ಪೆನ್ನಿನ ಮುಚ್ಚಳ ಹಾಕಿದ.

ಎರಡನ್ನೂ ಬೇರೆಯಾಗಿ ತೋರಿಸುವ ನಿಘಂಟು ಬೇಕಿದ್ದರೆ ಕಿಟ್ಟೆಲ್ ನೋಡಿ, 1894ರದ್ದು. ಮನೆಯಲ್ಲಿ ಒಂದು ಪ್ರತಿ ಇದ್ದರೆ ಮದುರೈ ಮಾಮಿಗೆ ತೊಂದರೆ ಕೊಡುವುದು ತಪ್ಪುತ್ತೆ.

ತುಂಗಾತೀರ:
ಮಾಮಿಗೆ ತೊಂದರೆ ಇಲ್ಲ ಮೇಷ್ಟ್ರೇ, ಈಗ ಅವರೇ ಲಿಫ್ಟಿನಲ್ಲಿ ನಿಲ್ಲಿಸಿ “ಇವತ್ತು ಯಾವ ಪದ” ಅಂತ ಕೇಳುತ್ತಾರೆ.

ಕೋಲಾರದ ಹೈದ:
ಫೋನಿನಲ್ಲಿ ಇದನ್ನು ಟೈಪ್ ಮಾಡೋದು ಹೇಗೆ? ನನ್ನ ಕೀಬೋರ್ಡಿನಲ್ಲಿ ಎಲ್ಲಿ ಹುಡುಕಿದರೂ ಸಿಗ್ತಿಲ್ಲ, ಮೇಲಿನ ಮಾತುಗಳಿಂದ ಕಾಪಿ ಮಾಡಿ ಅಂಟಿಸ್ತಾ ಇದ್ದೀನಿ.

ಕೋಡಿಂಗ್ ಕೂಲಿ:
ಕೆಲವು ಕೀಬೋರ್ಡಿನಲ್ಲಿ ಳ ಒತ್ತಿ ಹಿಡಿದರೆ ಮೇಲೆ ತೋರಿಸುತ್ತೆ, ಕೆಲವದರಲ್ಲಿ ಇಲ್ಲವೇ ಇಲ್ಲ. ನಾನೂ ಕಾಪಿ ಮಾಡಿ ಅಂಟಿಸೋದೇ. ಸಂಬಳ ತಗೊಳ್ಳೋದು ಇದಕ್ಕೇ ಅಂತ ಮನೇಲಿ ಹೇಳಬೇಡಿ.

ಪುಣೆಯ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ೞ, ಱ ಎರಡನ್ನೂ ದೊಡ್ಡದಾಗಿ ಬರೆದುಕೊಟ್ಟೆ. ಱಗೆ ಎರಡು ಗಾಲಿ, ಒಂದು ಎತ್ತು ಬಿಡಿಸಿದ್ದಾಳೆ. ೞಗೆ ಮೊಣಕಾಲಿಗೆ ಹಾಕಿದ ಬ್ಯಾಂಡೇಜ್ ಬಿಡಿಸಿದ್ದಾಳೆ.

ಆದರೆ ಮೇಷ್ಟ್ರೇ, ಈಗ ಹೊಸದು ಶುರುವಾಗಿದೆ. ನಿಲ್ಲು–ನಿಂತ, ಕೊಲ್ಲು–ಕೊಂದ, ಗೆಲ್ಲು–ಗೆದ್ದ, ಸೋಲು–ಸೋತ. “ಅಮ್ಮಾ, ಲ ಎಷ್ಟಿದ್ದವು?” ಅಂತ ಕೇಳ್ತಿದ್ದಾಳೆ.

ಹಳೇ ಮೇಷ್ಟ್ರು:
ಲ ಒಂದೇ ಇತ್ತು ಅಂತ ಹೇಳಿ. ಉಳಿದದ್ದು ನಾಳೆ ಬರೆಯುತ್ತೇನೆ, ಇಲ್ಲಿ ಊಟದ ಪೊೞ್ತು ಮೀರಿದೆ, ಮನೆಯವರು ಎರಡು ಸಲ ಕರೆದಾಯಿತು.